ಮರಳಲ್ಲಿ ಕಲಿತ ಹೆಜ್ಜೆ

ನಂಜನಗೂಡಿನ ಸ್ನಾನಘಟ್ಟದಲ್ಲಿ ನಮ್ಮ ಕಾಲು ತೊಳೆದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ತಲಕಾಡನ್ನು ಬಳಸಿ ಹರಿದು ಶಿವನಸಮುದ್ರದ ಬಂಡೆಗಳಿಂದ ಧುಮುಕುತ್ತಾಳೆ. ಚಾರಣಕ್ಕೆ ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಾಗಲೆಲ್ಲ ನಾನು ತೋರಿಸುವುದು ಈ ನೀರಿನ ದಾರಿಯನ್ನೇ. ಧನುರ್ಮಾಸದ ಒಂದು ಮುಂಜಾನೆ, ಮೊದಲು ತಲಕಾಡಿನ ಮರಳು, ಆಮೇಲೆ ಶಿವನಸಮುದ್ರದ ಭರಚುಕ್ಕಿ ಜಲಪಾತ.

ಬಿಸಿಲೇರುವ ಮೊದಲೇ ಮರಳಿಗೆ ಕಾಲಿಡಬೇಕು. ಇಬ್ಬನಿ ಕುಡಿದ ಮರಳು ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ಹರಳುಗಳ ನಡುವೆ ನಿಂತ ತೇವವೇ ಅವನ್ನು ಹಿಡಿದಿಡುವುದು. ಹತ್ತು ಗಂಟೆಯಾಯಿತೋ, ಅದೇ ಮರಳು ಸಡಿಲವಾಗಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆಳೆಯುತ್ತದೆ. ಹಿಮ ಬೀಳುವ ನಾಡಿನವರು ಹೂತುಹೋಗದಿರಲೆಂದು ಬೂಟಿಗೆ ಅಗಲವಾದ ಜಾಲದ ಪಾದುಕೆ ಕಟ್ಟಿಕೊಳ್ಳುತ್ತಾರೆ. ಮೈಭಾರ ಹರಡಿದರೆ ಕಾಲು ಇಳಿಯದು. ನಮಗೆ ಬರಿಗಾಲೇ ಸಾಕು. ಹಿಮ್ಮಡಿ ಊರದೆ ಅಂಗಾಲು ಪೂರ್ತಿ ಇಡಿ. ಹೆಜ್ಜೆ ಚಿಕ್ಕದಿರಲಿ. ದಿಬ್ಬವನ್ನು ನೇರ ಹತ್ತದೆ ಓರೆಯಾಗಿ ಹತ್ತಿ. ಅರ್ಧ ಗಂಟೆಯಲ್ಲಿ ಮೀನಖಂಡ ಬಿಗಿಯುತ್ತದೆ, ಹೆದರಬೇಡಿ, ಕೂತು ಉಸಿರು ತೆಗೆದುಕೊಳ್ಳಿ.

ಕೂರಲು ಪಾತಾಳೇಶ್ವರನ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಬೇಕೆ? ದೇವರನ್ನು ನೋಡಲು ಕೆಳಕ್ಕಿಳಿಯಬೇಕು, ಸುತ್ತಲೂ ಮರಳಿನ ಗೋಡೆ. 1116ರ ಹೊತ್ತಿಗೆ ಚೋಳರಿಂದ ಈ ಊರನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯೂ ಮರಳಿನಡಿ ಹೂತಿದ್ದದ್ದೇ. ಊರವರು ಅಲಮೇಲಮ್ಮನ ಶಾಪ ಎನ್ನುತ್ತಾರೆ. ಮಾಧವಮಂತ್ರಿ ಕಟ್ಟೆಯ ಕೆಳಗೆ ನದಿಪಾತ್ರ ಬರಿದಾಗಿ, ನೈರುತ್ಯದ ಗಾಳಿ ಮರಳನ್ನು ಊರಿಗೆ ತಂದು ಸುರಿಯಿತು ಎಂಬುದು ಭೂವಿಜ್ಞಾನದ ಮಾತು. ಆ ಮರಳ ಮೇಲೆ ನಡೆಯುವಾಗ ನನಗೆ ಎರಡೂ ಬೇಕು. ಪಂಚಲಿಂಗ ದರ್ಶನದ ಕಾಲದ ಜನಸಾಗರವನ್ನು ನೆನೆದರೆ, ಸಾಮಾನ್ಯ ದಿನದ ಈ ನಿಶ್ಶಬ್ದ ದೊಡ್ಡ ಭಾಗ್ಯ.

ಹೊಳೆಗೆ ಮಾತ್ರ ಇಳಿಯಬೇಡಿ. ಆ ಶಾಪದಲ್ಲಿ ಬರುವ ಮಾಲಂಗಿಯ ಮಡುವಿನ ಮಾತು ಬರಿಯ ಕಥೆಯಲ್ಲ; ಮೇಲೆ ತಿಳಿಯಾಗಿ ಕಾಣುವ ನೀರಿನಡಿ ಗುಂಡಿ, ಸುಳಿ ಇವೆ.

ಭರಚುಕ್ಕಿಗೆ ಎಲ್ಲರೂ ಓಡುವುದು ಆಗಸ್ಟಿನಲ್ಲಿ. ಆಗ ಕಾಣುವುದು ಕೆಂಪು ನೀರಿನ ಆರ್ಭಟ, ತುಂತುರಿನ ಮೋಡ. ಚಳಿಗಾಲದಲ್ಲಿ ಜಲಪಾತ ನೂರು ಎಳೆಯಾಗಿ ಬಿಡಿಸಿಕೊಂಡು, ಎಳೆಯೆಳೆಯ ನಡುವೆ ಕಪ್ಪು ಬಂಡೆ ಮೈದೋರುತ್ತದೆ. ನನಗೆ ಈ ರೂಪವೇ ಹೆಚ್ಚು ಇಷ್ಟ. ಕಾವಲಿನವರು ಬಿಟ್ಟರೆ ಮೆಟ್ಟಿಲಿಳಿದು ಬುಡದವರೆಗೆ ಹೋಗಬಹುದು. ಬೇಡವೆಂದರೆ ವಾದಿಸದೆ ಮೇಲಿಂದಲೇ ನೋಡಿ.

ಕೆಳಗೆ ಬುತ್ತಿ ಬಿಚ್ಚಿ. ಪುಳಿಯೋಗರೆ ಇರಲಿ, ಸಿಕ್ಕರೆ ನಂಜನಗೂಡು ರಸಬಾಳೆ. ಸಿಪ್ಪೆ ಮನೆಗೆ ವಾಪಸ್ಸು. ಹತ್ತುವಾಗ ಮತ್ತೆ ಅದೇ ಚಿಕ್ಕ ಹೆಜ್ಜೆ, ಪೂರ್ತಿ ಅಂಗಾಲು. ಬೆಳಗಿನ ಮರಳು ಇನ್ನೂ ಬೆರಳ ಸಂದಿಯಲ್ಲಿರುತ್ತದೆ.