‘ಮಹತ್ವದ’ ಎಂಬ ವಿಶೇಷಣ: ಕೊರೆತದ ಫಲಿತಾಂಶ ಹೇಳುವ ಹೊತ್ತು

ನಮ್ಮದು ತಿರುಪ್ಪೂರು ಜಿಲ್ಲೆಯ ಅವಿನಾಶಿ ಕಡೆಯ ಕನ್ನಡ ಮನೆ. ತಿರುಚೆಂಗೋಡಿನ ರಿಗ್ ಲಾರಿ ಬಂದು ಬೋರ್ ಕೊರೆದರೆ, ನೀರು ಬಿತ್ತೋ ಬರೀ ಧೂಳು ಬಂತೋ ಅನ್ನೋದು ಎಲ್ಲರ ಕಣ್ಣೆದುರೇ ಗೊತ್ತಾಗುತ್ತೆ. ಚಿನ್ನದ ಕೊರೆತದಲ್ಲಿ ಹಾಗಿಲ್ಲ. ಕೊರೆದು ತೆಗೆದ ಕಲ್ಲು ಲ್ಯಾಬಿಗೆ ಹೋಗಿ, ಟನ್ನಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಆಮೇಲೆ ಬರಬೇಕು.

ಹಾವೇರಿಯ ಗಣಜೂರಿನಲ್ಲಿ ಚಿನ್ನ ಹುಡುಕಿದ ಡೆಕ್ಕನ್ ಗೋಲ್ಡ್ ಮೈನ್ಸ್ ಮುಂಬೈ ಷೇರುಪೇಟೆಯಲ್ಲಿರುವ ಕಂಪನಿ. ಇಂಥವಕ್ಕೆ ಸೆಬಿಯ 30ನೇ ನಿಯಮ ಅನ್ವಯಿಸುತ್ತದೆ. 2023ರ ತಿದ್ದುಪಡಿಯಂತೆ ಕಂಪನಿಯೊಳಗೇ ಹುಟ್ಟಿದ ಮಹತ್ವದ ಸಂಗತಿಯನ್ನು 12 ಗಂಟೆಯೊಳಗೆ ತಿಳಿಸಬೇಕು. ನನ್ನ ತಕರಾರು ಆ ‘ಮಹತ್ವದ’ ಎಂಬ ಪದದ ಮೇಲೆ (ಸಾಹಿತ್ಯದ ವಿದ್ಯಾರ್ಥಿಗೆ ಇನ್ನೇನು ಕೆಲಸ!). ಮಾನದಂಡಗಳಿವೆ, ನಿಜ, ಆದರೆ ತೀರ್ಮಾನಿಸುವವರು ಕಂಪನಿಯ ಅಧಿಕಾರಿಗಳೇ. ಚಿನ್ನ ಸಿಕ್ಕ ಬೋರ್ ಕೂಡಲೇ ಮಹತ್ವದ್ದಾಗಬಹುದು, ಬರಡು ಬೋರ್ ಕಾಯುತ್ತ ಕೂರಬಹುದು.

ಹಾಗಂತ ಅವಸರವೂ ಮದ್ದಲ್ಲ. ಇಂಡೋನೇಷ್ಯಾದ ಬುಸಾಂಗ್‌ನಿಂದ ಬ್ರಿ-ಎಕ್ಸ್ ಕಂಪನಿ ಫಲಿತಾಂಶ ಹೇಳುತ್ತಲೇ ಇತ್ತು. ಮಾದರಿಗೆ ಹೊರಗಿನ ಚಿನ್ನ ಬೆರೆಸಿದ್ದು ಬಯಲಾದದ್ದು 1997ರಲ್ಲಿ. ಲ್ಯಾಬಿನ ಲೆಕ್ಕ ಬಂದು, ತಾಳೆ ನೋಡಿದ ಮೇಲೆ ಗಡಿಯಾರ ಶುರುವಾಗಲಿ. ಆದರೆ ಎಷ್ಟು ಬೋರ್ ಕೊರೆಯುತ್ತೇವೆಂದು ಮೊದಲೇ ಹೇಳಿರಲಿ. ಯಾವುದರ ಸುದ್ದಿ ಬಂದಿಲ್ಲ ಅಂತ ಷೇರುದಾರರೇ ಎಣಿಸಿಕೊಳ್ತಾರೆ.