ಚಹರೆಪಟ್ಟಿಗೆ ಸಿಗದ ತಂದೆ

ಕಾಣೆಯಾದವರ ಕುರಿತ ಪ್ರಕಟಣೆಗಳಲ್ಲಿ ನಾವೆಲ್ಲರೂ ಓದಿರುವ ಮಾತೊಂದಿದೆ: ‘ಗೋಧಿ ಬಣ್ಣ, ಸಾಧಾರಣ ಮೈಕಟ್ಟು’. 2016ರಲ್ಲಿ ತೆರೆಕಂಡ, ಹೇಮಂತ್ ರಾವ್ ನಿರ್ದೇಶನದ ಕನ್ನಡ ಚಲನಚಿತ್ರವು ಇದೇ ಮಾತನ್ನು ತನ್ನ ಹೆಸರಾಗಿಸಿಕೊಂಡಿತು. ಮರೆವಿನ ರೋಗದ ಕಥೆಯೆಂದು ಅನೇಕರು ಅದನ್ನು ಮೆಚ್ಚಿದರು. ಆದರೆ ತಂದೆಯ ಮರೆವಿಗಿಂತ ಮಗನ ಅರಿಯದಿರುವಿಕೆಯೇ ಅದರ ನಿಜವಾದ ವಸ್ತುವೆಂದು ನನಗೆ ತೋರುತ್ತದೆ.

ಅನಂತ್ ನಾಗ್ ಅಭಿನಯಿಸಿರುವ ವೆಂಕೋಬ ರಾಯರು ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಊಟ, ಔಷಧಗಳಿಗೆ ಅಲ್ಲಿ ಕೊರತೆಯಿಲ್ಲ. ಮುಂಬಯಿಯಲ್ಲಿ ದುಡಿಯುವ ಮಗ ಶಿವ ಬಂದು ಅವರನ್ನು ಹೊರಗೆ ಕರೆದೊಯ್ದಾಗ ಅವರು ಕಾಣೆಯಾಗುತ್ತಾರೆ. ಹುಡುಕಾಟದಲ್ಲಿ ಒಂದು ಸತ್ಯ ಹೊರಬೀಳುತ್ತದೆ. ಮಗನಿಗೆ ತಿಳಿಯದ ತಂದೆಯ ಬದುಕು ವೈದ್ಯೆ ಸಹನಾಳಿಗೆ ತಿಳಿದಿದೆ. ಏಕೆಂದರೆ ಅವಳು ಅವರ ಬಳಿ ಕುಳಿತು ಕೇಳಿದ್ದಳು. ಅತ್ತ ರಂಗನೆಂಬ ಪಾತಕಿಯ ಮನಸ್ಸೂ ಅವರ ಸಹವಾಸದಿಂದ ಮೆಲ್ಲನೆ ಕರಗುತ್ತದೆ. ಅನಂತ್ ನಾಗ್ ಎಲ್ಲಿಯೂ ಕರುಣೆ ಬೇಡುವುದಿಲ್ಲ. ಮಾತು ತಪ್ಪಿದರೂ ಘನತೆ ತಪ್ಪದ ಹಿರಿಯರನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ.

ಚಿತ್ರದ ಕೊರತೆಯೂ ಇಲ್ಲಿಯೇ ಇದೆ. ವೃದ್ಧರು ಬಹುಮಟ್ಟಿಗೆ ಇತರರನ್ನು ತಿದ್ದುವ ನಿಮಿತ್ತವಾಗುತ್ತಾರೆ. ಮಗ ಬದಲಾದ, ಪಾತಕಿ ಬದಲಾದ. ಆದರೆ ಅವರ ದಿನಗಳು ಹೇಗೆ ತುಂಬಬೇಕು? ಕೊಲೆ, ಬೆನ್ನಟ್ಟುವಿಕೆಗಳ ಗದ್ದಲದಲ್ಲಿ ಈ ಪ್ರಶ್ನೆ ಹಿಂದೆ ಸರಿಯುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮ್ಮ ಕುಟುಂಬಗಳು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ನಮ್ಮ ಹಿರಿಯರು ಬೀದಿಯಲ್ಲಿ ಕಳೆದುಹೋಗಿಲ್ಲ, ಮನೆಯ ಪಡಸಾಲೆಯಲ್ಲಿಯೇ ಇದ್ದಾರೆ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಾಳಿಯ ಗೆಳೆಯರೊಡನೆ ದುಡಿದು ನಿವೃತ್ತರಾದವರು ಸಂಬಳದೊಂದಿಗೆ ಆ ಗೆಳೆಯರ ಬಳಗವನ್ನೂ ಕಳೆದುಕೊಳ್ಳುತ್ತಾರೆ. ಕಬ್ಬಿನ ಹೊಲದಲ್ಲಿ ಬೆವರಿಳಿಸಿದ ಅಜ್ಜನಿಗೆ ಮೊಣಕಾಲು ಸೋತ ದಿನವೇ ಊರಿನ ಕಟ್ಟೆ ದೂರವಾಗುತ್ತದೆ. ಪುಣೆಯಿಂದಲೋ ಬೆಂಗಳೂರಿನಿಂದಲೋ ಮಗನ ಹಣ ತಪ್ಪದೆ ಬರುತ್ತದೆ. ಫೋನಿನಲ್ಲಿ ಅವನು ಕೇಳುವುದು ಎರಡೇ ಮಾತು: ‘ಊಟ ಆಯ್ತಾ? ಗುಳಿಗಿ ತಗೊಂಡ್ರಿ?’

ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯು ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಜೊತೆಗೆ ಕುಳಿತು ಮಾತನಾಡಿರೆಂದು ಆಜ್ಞಾಪಿಸಲಾರದು. ಆದರೆ ಮಾತು ಔಷಧಕ್ಕಿಂತ ಕಡಿಮೆಯದೇನೂ ಅಲ್ಲ. ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ, ಅದರಿಂದ ಹೃದ್ರೋಗ, ಪಾರ್ಶ್ವವಾಯುಗಳ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಎಚ್ಚರಿಸಿದೆ.

ಅಜ್ಜ ಹೇಳಿದ್ದನ್ನೇ ಹೇಳುತ್ತಾನೆಂದು ನಾವು ಎದ್ದು ಹೋಗುತ್ತೇವೆ. ಹತ್ತನೆಯ ಬಾರಿಗೆ ಕೇಳುವ ತಾಳ್ಮೆಯೇ ಸಾಹಚರ್ಯ. ವಾರಕ್ಕೊಮ್ಮೆ ಅಜ್ಜನನ್ನು ಹಳೆಯ ಗೆಳೆಯನ ಮನೆಗೆ ಕರೆದೊಯ್ಯುವುದು, ನೆರೆಯ ಒಂಟಿ ಆಯಿಯೊಡನೆ ಒಂದು ಕಪ್ಪು ಚಹಾ ಕುಡಿಯುವುದು ನಮಗೆ ಅಸಾಧ್ಯವೇನಲ್ಲ.

ಅವಕಾಶವಾದರೆ ಈ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡಿರಿ. ನೋಡಿದ ಮೇಲೆ ಒಂದು ಹಾಳೆಯಲ್ಲಿ ನಿಮ್ಮ ತಂದೆಯ ಅಥವಾ ತಾಯಿಯ ಕುರಿತು ಹತ್ತು ಸಾಲು ಬರೆಯಿರಿ. ಮೈಬಣ್ಣ, ಎತ್ತರ, ರೋಗಗಳನ್ನು ಬಿಟ್ಟು ಬರೆಯಿರಿ. ಸಾಲುಗಳು ಎಲ್ಲಿ ನಿಲ್ಲುತ್ತವೆಯೋ, ಅಲ್ಲಿಂದ ಅವರನ್ನೇ ಕೇಳಲು ತೊಡಗಿರಿ.