ಯಂತ್ರ ಗೆದ್ದದ್ದು ಏನನ್ನು?

1997ರಲ್ಲಿ ಗಣಕಯಂತ್ರವು ಚದುರಂಗದಲ್ಲಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಮೇಲೂ, ಪದದಾಟ ಮತ್ತು ಇಸ್ಪೀಟು ಮನುಷ್ಯನಿಗೇ ಮೀಸಲು ಎಂಬ ಸಮಾಧಾನ ಅನೇಕರಲ್ಲಿತ್ತು. ಒಂದಕ್ಕೆ ಭಾಷೆ ಬೇಕು, ಇನ್ನೊಂದಕ್ಕೆ ಎದುರಾಳಿಯ ಮನಸ್ಸನ್ನರಿಯುವ ಚಾತುರ್ಯ ಬೇಕು ಎಂಬುದು ಅದಕ್ಕೆ ಆಧಾರ. ಆ ಸಮಾಧಾನ ಉಳಿಯಲಿಲ್ಲ. ಆದರೆ ಯಂತ್ರದ ಗೆಲುವನ್ನು ಕೊಂಡಾಡುವವರು, ಅದು ಗೆದ್ದದ್ದು ಏನನ್ನು ಎಂದು ವಿಚಾರಿಸಿದಂತೆ ಕಾಣುವುದಿಲ್ಲ.

ಮೊದಲು ಇಂಗ್ಲಿಷ್ ಪದದಾಟವಾದ ಸ್ಕ್ರ್ಯಾಬಲ್ ನೋಡೋಣ. ಬ್ರಯನ್ ಶೆಪರ್ಡ್ ರಚಿಸಿದ ‘ಮೇವನ್’ ಎಂಬ ಪ್ರೋಗ್ರಾಂ 1998ರಲ್ಲಿ ಶ್ರೇಷ್ಠ ಆಟಗಾರ ಆಡಮ್ ಲೋಗನ್ ಅವರನ್ನು 9–5ರಿಂದ ಸೋಲಿಸಿತು. ಪದಪಟ್ಟಿಯೆಲ್ಲ ಅದಕ್ಕೆ ಕಂಠಸ್ಥ. ಎದುರಾಳಿಯ ಬಳಿ ಇರಬಹುದಾದ ಅಕ್ಷರಗಳನ್ನು ಊಹಿಸಿ, ಮತ್ತೆ ಮತ್ತೆ ಆಡಿ ನೋಡಿ, ಲಾಭದ ನಡೆಯನ್ನು ಆರಿಸುತ್ತಿತ್ತು. ಅರ್ಥದ ಗೊಡವೆ ಅದಕ್ಕಿರಲಿಲ್ಲ. ಇದನ್ನು ಯಂತ್ರದ ಕೊರತೆ ಎನ್ನುವಂತೆಯೂ ಇಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದೆಯೇ, ಪದಪಟ್ಟಿಯನ್ನು ಬಾಯಿಪಾಠ ಮಾಡಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವಪ್ರಶಸ್ತಿ ಪಡೆದರು. ಆದುದರಿಂದ, ಈ ಆಟಕ್ಕೆ ಭಾಷೆ ಬೇಕೆಂಬ ನಮ್ಮ ಭ್ರಮೆಯೇ ಇಲ್ಲಿ ಸೋತಿತೆನ್ನಬೇಕು.

ಪೋಕರ್‌ನ ಕತೆ ಹೆಚ್ಚು ಗಂಭೀರವಾದುದು. 2017ರಲ್ಲಿ ಪಿಟ್ಸ್‌ಬರ್ಗಿನಲ್ಲಿ ‘ಲಿಬ್ರೇಟಸ್’ 20 ದಿನಗಳಲ್ಲಿ 1,20,000 ಆಟಗಳನ್ನಾಡಿ ನಾಲ್ವರು ವೃತ್ತಿಪರರನ್ನು ಮಣಿಸಿತು. ಅದು ಯಾರ ಮುಖವನ್ನೂ ನೋಡಲಿಲ್ಲ. ಯಾವ ಸಂದರ್ಭದಲ್ಲಿ ಎಷ್ಟು ಸಲ ಸುಳ್ಳು ಬೆದರಿಕೆ ಹಾಕಬೇಕೆಂಬುದನ್ನು ಲೆಕ್ಕದಿಂದಲೇ ಕಂಡುಕೊಂಡಿತ್ತು. ಎದುರಾಳಿಗಳು ಹಗಲು ಹುಡುಕಿದ ಬಿರುಕುಗಳನ್ನು ರಾತ್ರಿ ಮುಚ್ಚಿಕೊಳ್ಳುತ್ತಿತ್ತು. ನಾವು ಕಪಟವೆಂದು ಕರೆದದ್ದರಲ್ಲಿ ಎಷ್ಟೋ ಪಾಲು ಗಣಿತವೇ ಆಗಿತ್ತು. ಈ ಗೆಲುವನ್ನು ಮನಃಪೂರ್ವಕವಾಗಿ ಒಪ್ಪಬೇಕು.

ಬ್ರಿಜ್‌ ವಿಷಯದಲ್ಲಿ ಹಾಗೆ ಒಪ್ಪಲಾಗದು. 2022ರಲ್ಲಿ ಪ್ಯಾರಿಸ್ಸಿನಲ್ಲಿ ‘ನೂಕ್’ ಎಂಟು ಮಂದಿ ವಿಶ್ವಚಾಂಪಿಯನ್ನರಿಗಿಂತ ಮೇಲೆನಿಸಿ, 80 ಸುತ್ತುಗಳಲ್ಲಿ 67ನ್ನು ಗೆದ್ದಿತು. ಆದರೆ ಆ ಸ್ಪರ್ಧೆಯಲ್ಲಿ ಕೂಗಿನ ಭಾಗವನ್ನೇ ಕೈಬಿಟ್ಟಿದ್ದರು. ಕೂಗು ಎಂದರೆ ಜೊತೆಗಾರನೊಡನೆ ನಡೆಸುವ ಸಂಕೇತದ ಸಂಭಾಷಣೆ. ಬ್ರಿಜ್‌ನ ಅರ್ಧ ಜೀವ ಅಲ್ಲಿದೆ. ಅದನ್ನು ತೆಗೆದಿಟ್ಟು ಆಡಿದ ಆಟವನ್ನು ‘ಬ್ರಿಜ್ ಗೆದ್ದಿತು’ ಎಂದು ಸಾರುವುದು ಪಲ್ಲವಿಯನ್ನು ಬಿಟ್ಟು ಕೀರ್ತನೆ ಹಾಡಿದಂತೆ.

ಹೊರನಾಡಿನ ನಮಗೆ ಇದರಲ್ಲೊಂದು ಎಚ್ಚರಿಕೆಯಿದೆ. ಮಕ್ಕಳಿಗೆ ನೂರಾರು ಪದಗಳನ್ನು ಉರುಹೊಡೆಸಿ, ಸಂಘದ ಸ್ಪರ್ಧೆಯಲ್ಲಿ ಬಹುಮಾನ ಬಂದೊಡನೆ ಕನ್ನಡ ಬಂದಿತೆಂದು ನಾವು ತೃಪ್ತರಾಗುತ್ತೇವೆ. ಪದಪಟ್ಟಿಯಿಂದ ಪಂದ್ಯ ಗೆಲ್ಲಬಹುದು; ಊರಿನ ಅಜ್ಜಿಯ ಮಾತಿಗೆ ಮರುಮಾತು ಕೊಡಲು ಅಷ್ಟು ಸಾಲದು.